ಚಿಂತೆಗೂ ಲೆಕ್ಕ ಇಟ್ಟೆ, ಕೆಲಸ ಆಯ್ತು: ನನ್ನ ಅನುಭವ

ಮನಸ್ಸಿಗೆ ಬಂದ ಭಯವನ್ನು ಬರೆದಿಟ್ಟು, ಅದು ನಿಜವಾಯಿತಾ ಅಂತ ಆಮೇಲೆ ನೋಡುವುದು ನನ್ನ ಪದ್ಧತಿ. "ಬರೆದಿಟ್ಟರೆ ಬುದ್ಧಿ ಬದಲಾಗುತ್ತಾ?" ಅಂತ ನಕ್ಕವರು ತುಂಬಾ ಜನ. ಅವರಲ್ಲಿ ಇಬ್ಬರು ಈಗ ತಾವೂ ಬರೆಯುತ್ತಿದ್ದಾರೆ, ನನ್ನ ಹತ್ತಿರ ಮಾತ್ರ ಒಪ್ಪಿಕೊಳ್ಳುವುದಿಲ್ಲ. ಇರಲಿ. ಶುರು ಮಾಡಿ ಒಂದು ವರ್ಷದ ಮೇಲಾಯಿತು, ಇನ್ನೂ ಬಿಟ್ಟಿಲ್ಲ. ಅದಕ್ಕೇ ಸ್ವಲ್ಪ ಧೈರ್ಯವಾಗಿ ಬರೆಯುತ್ತಿದ್ದೇನೆ.

ಡೈರಿ, ಧ್ಯಾನ, ದಿನದ ಮನಸ್ಥಿತಿ ಗುರುತಿಡುವ ಮೂಡ್ ಟ್ರ್ಯಾಕರ್ ಎಲ್ಲ ನಿಮಗೆ ಗೊತ್ತಿರುವುದೇ. ಸಿಬಿಟಿ ಅನ್ನುವ, ಯೋಚನೆಯ ಅಭ್ಯಾಸ ತಿದ್ದುವ ಮಾತಿನ ಚಿಕಿತ್ಸೆಯಲ್ಲಿ ಬಳಸುವ ಥಾಟ್ ರೆಕಾರ್ಡ್ (ಯೋಚನೆ ಬರೆದು ಪರೀಕ್ಷಿಸುವ ಹಾಳೆ) ಕೂಡ ಒಮ್ಮೆ ತುಂಬಲು ಹೋಗಿ ಅರ್ಧಕ್ಕೆ ಕೈಬಿಟ್ಟಿರುತ್ತೀರಿ. ಹಾಗಾಗಿ ಥಿಯರಿ ಬೇಡ. ನನ್ನ ಕಾಯಿಲೆ ಏನು ಅಂದರೆ, ಯಾವ ವಿಷಯಕ್ಕಾದರೂ ಮೊದಲು ಕೆಟ್ಟದ್ದೇ ಹೊಳೆಯುವುದು. ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂತಾ, ಯಾರಿಗೋ ಏನೋ ಆಗಿದೆ. ಮೆಸೇಜ್‌ಗೆ ಉತ್ತರ ಬರಲಿಲ್ಲವಾ, ಸಿಟ್ಟಾಗಿದ್ದಾರೆ. ಬಾಸ್ ಕರೆದರಾ, ಕೆಲಸ ಹೋಯಿತು. ಹೊರಗಿನವರಿಗೆ ನಾನು ಭಾರೀ ಎಚ್ಚರಿಕೆಯ ಮನುಷ್ಯ. ಒಳಗೆ ದಿನವಿಡೀ ಇದೇ ಧಾರಾವಾಹಿ.

ಮೊದಲು ದುಡ್ಡು ಕಳೆದ ಕಥೆ. ಒಂದು ವಾರಾಂತ್ಯದ ವರ್ಕ್‌ಶಾಪ್‌ಗೆ ಹೋದೆ. ಫೀಸು ತಿಂಗಳ ಸಂಬಳದ ಕಾಲು ಭಾಗ. ಎರಡು ದಿನ ಚಪ್ಪಾಳೆ, ಹಾಡು, ಅಕ್ಕಪಕ್ಕದವರನ್ನು ಅಪ್ಪಿಕೊಳ್ಳುವುದು. ಕೊನೆಗೆ "21 ದಿನ ಮಾಡಿ, ಜೀವನ ಬದಲಾಗುತ್ತದೆ" ಅಂತ ಒಂದು ಹಾಳೆ ಕೊಟ್ಟರು. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು "ನಾನು ಧೈರ್ಯಶಾಲಿ, ನಾನು ಗೆಲ್ಲುತ್ತೇನೆ" ಅನ್ನಬೇಕು. ಅಂದೆ. ಪ್ರತಿ ಸಲ ಒಳಗಿನಿಂದ "ಹೌದೌದು, ನೋಡಿದ್ದೀನಿ" ಅಂತ ಉತ್ತರ ಬರುತ್ತಿತ್ತು. ದಿನ ಕಳೆದಷ್ಟೂ ಜಾಸ್ತಿ ಕುಗ್ಗಿದೆ. ಇದು ನನ್ನೊಬ್ಬನ ಕಥೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆ್ಯನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ತಮ್ಮ ಬಗ್ಗೆ ತಮಗೇ ಅಷ್ಟು ಒಳ್ಳೆ ಅಭಿಪ್ರಾಯ ಇಲ್ಲದವರು ಇಂಥ ಮಾತು ಹೇಳಿಕೊಂಡರೆ ಮನಸ್ಸು ಇನ್ನೂ ಇಳಿಯುತ್ತದೆ ಅಂತ ಕಂಡಿತ್ತು. ಅಂದರೆ ಯಾರಿಗೆ ಬೇಕೋ ಅವರಿಗೇ ಕೆಲಸ ಮಾಡದ ಔಷಧಿ. ಫೀಸು ತಗೊಂಡವರು ಅದನ್ನು ಯಾಕೆ ಹೇಳುತ್ತಾರೆ?

ಆ 21 ದಿನದ ಲೆಕ್ಕವೂ ಅಷ್ಟೇ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್, ತಮ್ಮ ಪೇಷೆಂಟ್‌ಗಳು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ತಗೊಳ್ಳುತ್ತಾರೆ ಅಂತ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ "ಕಡಿಮೆ ಅಂದರೂ" ಉದುರಿ ಹೋಯಿತು. ಲಂಡನ್‌ನಲ್ಲಿ ಸಂಶೋಧಕಿ ಫಿಲಿಪ್ಪಾ ಲಾಲಿ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂರಲು ಸುಮಾರು 66 ದಿನ ಬಂತು, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ಅಂದಾಜು. ಅದೂ ನೀರು ಕುಡಿಯುವುದು, ವ್ಯಾಯಾಮ ಮಾಡುವಂಥ ಅಭ್ಯಾಸಕ್ಕೆ. ಯೋಚನೆಯ ಅಭ್ಯಾಸಕ್ಕೆ 22ನೇ ದಿನ ಫಲ ಬಂದಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಆಮೇಲೆ ಒಂದು ಆ್ಯಪ್, ವರ್ಷದ ಚಂದಾ ಕಟ್ಟಿ ಎರಡು ವಾರ ಬಳಸಿದ್ದು. ಮುಂದಿನ ವರ್ಷ ತಾನಾಗಿಯೇ ದುಡ್ಡು ಕಡಿತವಾದಾಗಲೇ ಅದು ಫೋನಿನಲ್ಲಿದೆ ಅಂತ ನೆನಪಾದದ್ದು. ಚರ್ಮದ ಹೊದಿಕೆಯ ಒಂದು ಚಂದದ ಡೈರಿ, ಅದರಲ್ಲಿ ಕೆಟ್ಟ ಅಕ್ಷರದಲ್ಲಿ ಬರೆಯಲು ಮನಸ್ಸು ಬರದೆ ಹಾಗೇ ಇದೆ. ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು, ಕೆಟ್ಟ ಯೋಚನೆ ಬಂದಾಗ ಎಳೆದು ಬಿಡುವುದು ಒಂದೇ ಪುಕ್ಕಟೆ ಸಿಕ್ಕಿದ್ದು. ಮಣಿಕಟ್ಟು ಕೆಂಪಾಯಿತು, ಯೋಚನೆ ಹೋಗಲಿಲ್ಲ. ಬಿಳಿ ಕರಡಿಯನ್ನು ನೆನೆಯಬೇಡಿ ಅಂದರೆ ಅದೇ ನೆನಪಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದರಲ್ವಾ. ಎಲ್ಲ ಸೇರಿ ಮುಕ್ಕಾಲು ತಿಂಗಳ ಸಂಬಳ ನೀರಲ್ಲಿ ಹೋಮ.

ಕೆಲಸ ಮಾಡಿದ್ದು ಅರ್ಧ ಬಳಸಿದ ಹಳೇ ನೋಟ್‌ಬುಕ್. ಖರ್ಚು ಸೊನ್ನೆ.

ನಾಲ್ಕು ಕಾಲಂ ಎಳೆದೆ. ಭಯ, ಎಷ್ಟು ನಂಬಿದ್ದೇನೆ (ನೂರಕ್ಕೆ ಎಷ್ಟು ಅಂತ), ಗಡುವು, ಆದದ್ದು. ಅಷ್ಟೇ. ಯೋಚನೆ ತಪ್ಪು ಅಂತ ವಾದ ಮಾಡುವ ಹಾಗಿಲ್ಲ, ಒಳ್ಳೆ ಯೋಚನೆ ತಂದು ಅದರ ಮೇಲೆ ಹಚ್ಚುವ ಹಾಗೂ ಇಲ್ಲ. ಅದು ಏನು ಹೇಳುತ್ತಿದೆಯೋ ಅದನ್ನೇ ಬರೆದು, ಸಾಲ ತಗೊಂಡವನ ಹತ್ತಿರ ತಾರೀಕು ಬರೆಸಿಕೊಂಡ ಹಾಗೆ ಗಡುವು ಹಾಕಿಸುವುದು. ಮೊದಲ ಪುಟದ ಒಂದು ಸಾಲು ಇದು: "ಬಾಸ್ ನಾಲ್ಕು ಗಂಟೆಗೆ ಒಬ್ಬನನ್ನೇ ಬಾ ಅಂದಿದ್ದಾರೆ. ಪ್ರಾಜೆಕ್ಟ್‌ನಿಂದ ತೆಗೆಯುತ್ತಾರೆ. 80. ಇವತ್ತು ಸಂಜೆ." ಕೊನೇ ಕಾಲಂನಲ್ಲಿ ಬೇರೆ ಪೆನ್ನಿನಲ್ಲಿ ಬರೆದದ್ದು: "ರಜೆ ಹೋಗುತ್ತಾರಂತೆ. ಅವರಿಲ್ಲದಾಗ ವಾರದ ರಿಪೋರ್ಟ್ ನಾನು ಕಳಿಸಬೇಕಂತೆ." ಅದನ್ನು ಬರೆಯುವಾಗ ನಗು ಬಂತು. ಆದರೆ ಮಾರನೇ ದಿನ ಮತ್ತೆ ಇನ್ನೊಂದಕ್ಕೆ 80 ಹಾಕಿದೆ. ಒಂದು ಸಾಲಿಗೆ ಯಾರೂ ಬದಲಾಗುವುದಿಲ್ಲ.

ಸುಮಾರು ಒಂದೂವರೆ ತಿಂಗಳು ಇದೂ ನೆಲ ಕಚ್ಚುವ ಹಾಗೇ ಇತ್ತು. ಯಾಕೆ ಅಂದರೆ ಅರ್ಧಕ್ಕರ್ಧ ಸಾಲುಗಳನ್ನು ಪರೀಕ್ಷೆ ಮಾಡಲು ಆಗುತ್ತಲೇ ಇರಲಿಲ್ಲ. "ಅವಳಿಗೆ ನನ್ನ ಮೇಲೆ ಬೇಜಾರು" ಅಂತ ಬರೆದರೆ ಯಾರು ಹೋಗಿ ನೋಡುವುದು? ಗಡುವು ಬಂದ ದಿನವೂ ಮನಸ್ಸು "ಬೇಜಾರು ಇದೆ, ತೋರಿಸಿಕೊಳ್ಳುತ್ತಿಲ್ಲ" ಅನ್ನುತ್ತದೆ. ಅದಕ್ಕೆ ಸೋಲೇ ಇಲ್ಲ. ಆಗ ಒಂದು ನಿಯಮ ಮಾಡಿದೆ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಬರೆಯಬೇಕು. "ನಾಳೆ ಸಂಜೆಯೊಳಗೆ ಅವಳಿಂದ ಉತ್ತರ ಬರಲ್ಲ, 70." ಇದಕ್ಕೆ ಹೌದು ಅಥವಾ ಇಲ್ಲ, ಎರಡೇ. ನನ್ನ ಪ್ರಕಾರ ಇಡೀ ಪದ್ಧತಿ ನಿಂತಿರುವುದು ಇದೊಂದರ ಮೇಲೆ. ಬೇರೆಯವರು ಮಾಡಿ ಬಿಟ್ಟದ್ದನ್ನು ಕೇಳಿ ನೋಡಿ, ಹೆಚ್ಚಿನವರು ಭಾವನೆ ಬರೆದು ಬಿಟ್ಟಿರುತ್ತಾರೆ.

ಇನ್ನೊಂದು, ಶೇಕಡಾ ಹಾಕದೆ ಬರೆಯಬೇಡಿ. ಸಂಖ್ಯೆ ಇಲ್ಲದಿದ್ದರೆ ಗಡುವು ಮುಗಿದ ಮೇಲೆ ಮನಸ್ಸು "ನಾನೇನು ಅಷ್ಟು ಹೆದರಿರಲಿಲ್ಲ" ಅಂತ ಜಾರಿಕೊಳ್ಳುತ್ತದೆ. 80 ಅಂತ ನಮ್ಮದೇ ಕೈಬರಹದಲ್ಲಿ ಇದ್ದರೆ ಎಲ್ಲಿಗೆ ಜಾರುವುದು?

ವಾರಕ್ಕೊಮ್ಮೆ ಕೂತು ಕೊನೇ ಕಾಲಂ ತುಂಬುತ್ತೇನೆ, ಹತ್ತು ನಿಮಿಷದ ಕೆಲಸ. ವರ್ಷದಲ್ಲಿ ಇನ್ನೂರರ ಆಸುಪಾಸು ಸಾಲು ಆಗಿರಬೇಕು. ಹೇಳಿದ ಹಾಗೇ ಆದದ್ದು ಇಪ್ಪತ್ತೋ ಇಪ್ಪತ್ತೈದೋ. ಅಮೆರಿಕದಲ್ಲಿ ಚಿಂತೆಯ ಕಾಯಿಲೆ ಇದ್ದ 29 ಜನರ ಹತ್ತಿರ ಹೀಗೇ ಬರೆಸಿ, ನಿಜವಾಯಿತಾ ಅಂತ ನೋಡಿದಾಗ ಶೇ. 91ರಷ್ಟು ನಿಜವಾಗಲಿಲ್ಲ ಅಂತ 2020ರಲ್ಲಿ ಪ್ರಕಟವಾಗಿದೆ. ನಾನು ಅದನ್ನು ಓದಿದ್ದು ನನ್ನ ಲೆಕ್ಕ ಮಾಡಿದ ಮೇಲೆ. ಹಳೇ ನೋಟ್‌ಬುಕ್ಕಿನ ಸಂಖ್ಯೆ ಅದರ ಹತ್ತಿರವೇ ಬಂತಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಿಜವಾದ ಆ ಇಪ್ಪತ್ತು ಚಿಲ್ಲರೆ ಸಾಲುಗಳೇ ಹೆಚ್ಚು ಉಪಯೋಗಕ್ಕೆ ಬಂದವು. ಅವುಗಳ ಪಕ್ಕದಲ್ಲಿ "ಆಮೇಲೆ ಏನು ಮಾಡಿದೆ" ಅಂತ ಬರೆಯಲು ಶುರು ಮಾಡಿದೆ. ಒಂದು ಕೆಲಸ ಕೈತಪ್ಪಿತು, ಇನ್ನೊಂದು ಹುಡುಕಿದೆ. ಒಬ್ಬರು ನಿಜವಾಗಿಯೂ ಸಿಟ್ಟಾಗಿದ್ದರು, ಫೋನ್ ಮಾಡಿ ಮಾತಾಡಿದೆ, ಹತ್ತು ನಿಮಿಷ ಬೈದರು, ಮುಗಿಯಿತು. ಭಯ ನಿಜವಾದರೂ ಅದು ಹೇಳಿದಷ್ಟು ದಿನ ಉಳಿಯಲಿಲ್ಲ.

ನಾಲ್ಕೈದು ತಿಂಗಳ ಹೊತ್ತಿಗೆ ಸಂಖ್ಯೆಗಳು ಇಳಿದವು. ಮೊದಲು 80 ಹಾಕುತ್ತಿದ್ದ ಥರದ ಭಯಕ್ಕೆ ಕೈ 30 ಬರೆಯುತ್ತಿತ್ತು. ಭಯ ಬರುವುದು ನಿಂತಿಲ್ಲ, ಈಗಲೂ ಮೊದಲು ಕೆಟ್ಟದ್ದೇ ಹೊಳೆಯುತ್ತದೆ. ಅದರ ಮಾತಿಗೆ ಬೆಲೆ ಕಮ್ಮಿಯಾಗಿದೆ.

ಹೋದ ದುಡ್ಡು ವಾಪಸ್ ಬಂದದ್ದನ್ನೂ ಹೇಳಿಬಿಡುತ್ತೇನೆ. "ಸಂಬಳ ಜಾಸ್ತಿ ಕೇಳಿದರೆ ಇಲ್ಲ ಅಂತಾರೆ, ಮೇಲಿಂದ ಕೆಟ್ಟ ಹೆಸರು" ಅಂತ ಎಷ್ಟೋ ವರ್ಷ ಕೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ 90 ಹಾಕಿ, ಗಡುವು ತಿಂಗಳ ಕೊನೆ ಅಂತ ಬರೆದೆ. ಬರೆದ ಮೇಲೆ ಕೊನೇ ಕಾಲಂ ತುಂಬಲಾದರೂ ಕೇಳಲೇಬೇಕಲ್ಲ. ಕೇಳಿದೆ. ಕೇಳಿದ್ದರಲ್ಲಿ ಅರ್ಧದಷ್ಟು ಕೊಟ್ಟರು. ವರ್ಕ್‌ಶಾಪ್, ಆ್ಯಪ್, ಡೈರಿ ಎಲ್ಲದರ ಖರ್ಚು ಒಂದು ವರ್ಷದೊಳಗೆ ಅದರಲ್ಲೇ ಹುಟ್ಟಿತು.

ನಡುವೆ ಸುಮ್ನೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಿಂತೆಗೇ ಒಂದು ಹೊತ್ತು ಇಡುವುದು, ದಿನಾ ಅದೇ ಜಾಗದಲ್ಲಿ ಅರ್ಧ ಗಂಟೆ. ಇದು 1983ರಷ್ಟು ಹಳೆಯದು, ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಪರೀಕ್ಷಿಸಿದ್ದು. ನನಗೆ ಅರ್ಧ ಗಂಟೆ ಜಾಸ್ತಿಯಾಯಿತು, ಹದಿನೈದು ನಿಮಿಷಕ್ಕೆ ಚಿಂತೆಯೇ ಖಾಲಿಯಾಗಿ ಆಕಳಿಕೆ ಬರುತ್ತಿತ್ತು. ರಾತ್ರಿ ನಿದ್ದೆಗೆ ಮಾತ್ರ ಇದು ಒಳ್ಳೆಯದು, ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ಮಲಗುವ ಕೋಣೆಯಲ್ಲಿ ಮಾಡಬೇಡಿ. ನನ್ನನ್ನೇ ಹೆಸರು ಹಿಡಿದು ಕರೆದು "ಯಾಕಪ್ಪ ಇಷ್ಟು ಗಾಬರಿ, ಏನಾಯ್ತು ಈಗ?" ಅಂತ ಕೇಳುವುದು ಇನ್ನೊಂದು. ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಅವರ ತಂಡ 2014ರಲ್ಲಿ ಇದರಿಂದ ಗಾಬರಿ ತಗ್ಗುತ್ತದೆ ಅಂತ ತೋರಿಸಿತ್ತು. ಮೀಟಿಂಗ್‌ಗೆ ಮುಂಚೆ ಬಾತ್‌ರೂಮಿನಲ್ಲಿ ಎರಡು ನಿಮಿಷ ಸಾಕು, ಮನಸ್ಸಿನಲ್ಲೇ ಮಾತಾಡಿ. ಒಂದು ವಾರ ದೂರು ಹೇಳದೆ ಇರುವ ವ್ರತ ಎರಡನೇ ದಿನಕ್ಕೇ ಮುರಿಯಿತು. ಅದು ಪ್ರಯೋಜನ ಇಲ್ಲದ ವ್ರತ ಅಂತ ಈಗಲೂ ನನ್ನ ಅಭಿಪ್ರಾಯ.

ಬರೆದದ್ದನ್ನು ಯಾರಿಗೂ ತೋರಿಸಬೇಡಿ, ಆಗ ಸಂಖ್ಯೆ ಸುಳ್ಳಾಗುತ್ತದೆ. ಹಳೇ ಪುಟಗಳನ್ನು ಯಾವಾಗ, ಯಾವ ಕ್ರಮದಲ್ಲಿ ತೆರೆದು ನೋಡಬೇಕು ಅನ್ನುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಸಂಖ್ಯೆ ಬೇಗ ಇಳಿದದ್ದು ಅದರಿಂದಲೇ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಇನ್ನೊಂದು ವರ್ಷ ನೋಡಿ ಹೇಳುತ್ತೇನೆ. ಮತ್ತೆ, ವಾರಗಟ್ಟಲೆ ನಿದ್ದೆ ಇಲ್ಲ, ಏನೂ ಬೇಡ ಅನಿಸುತ್ತಿದೆ ಅಂದರೆ ನೋಟ್‌ಬುಕ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಇದು ದಿನನಿತ್ಯದ ಗೊಣಗಾಟಕ್ಕೆ ಮಾತ್ರ.

ಈಗ ಇದನ್ನೇ ತಿರುಗಿಸಿ ನನ್ನ ಅತಿಯಾದ ಭರವಸೆಗೆ ಹಚ್ಚಿದ್ದೇನೆ. "ಈ ಕೆಲಸ ಎರಡು ದಿನದಲ್ಲಿ ಮುಗಿಸ್ತೀನಿ, 95" ಅಂತ ಬರೆದಿಡುವುದು. ಶುರು ಮಾಡಿ ಎರಡು ತಿಂಗಳಾಗಿರಬಹುದು, ಸಾಲುಗಳು ಇನ್ನೂ ಕಡಿಮೆ. ಇಲ್ಲಿಯವರೆಗೆ ನೋಡಿದರೆ ಭಯಕ್ಕಿಂತ ಜಾಸ್ತಿ ಸುಳ್ಳು ಹೇಳುವುದು ಇದೇ.