ಎರಡನೇ ಸಲಕ್ಕೆ ಉಳಿದ ಕ್ಲೌನ್‌ಫಿಶ್ ಮರಿಗಳು

ಕ್ಲೌನ್‌ಫಿಶ್ ಎಂಬ ಕಡಲ ಮೀನಿನ ಜೋಡಿ ಮಾಡುವುದು ಕಷ್ಟವಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ಕೊಂಡುತಂದೆ, ಅಷ್ಟೇ. ಈ ಮೀನುಗಳು ಮೊದಲು ಎಲ್ಲವೂ ಗಂಡೇ. ಜೋಡಿಯಲ್ಲಿ ಜೋರು ಮಾಡುವುದು ಹೆಣ್ಣಾಗುತ್ತದೆ, ಆಮೇಲೆ ವಾಪಸ್ ಗಂಡಾಗುವುದಿಲ್ಲ. ದೊಡ್ಡದು ಹತ್ತಿರ ಬಂದಾಗಲೆಲ್ಲ ಚಿಕ್ಕದು ಪಕ್ಕಕ್ಕೆ ವಾಲಿ ಗಡಗಡ ನಡುಗುತ್ತಿತ್ತು. ಕಾಯಿಲೆ ಅಂದುಕೊಂಡು ಗಾಬರಿಯಾಗಿದ್ದೆ. ಅದು 'ನೀನೇ ದೊಡ್ಡವಳು' ಅಂತ ಒಪ್ಪಿಕೊಳ್ಳುವ ರೀತಿ.

ಟ್ಯಾಂಕಿಗೆ ವರ್ಷ ತುಂಬಿದ ಮೇಲೆ ಬಬಲ್ ಟಿಪ್ ಅನಿಮೋನ್ ತಂದೆ. ಅದು ಹೂವಿನ ಹಾಗೆ ಕಾಣುವ ಕಡಲಜೀವಿ, ಕ್ಲೌನ್‌ಫಿಶ್ ಅದರೊಳಗೆ ಮನೆ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಅದು ಬಾಳುವುದು ಕಷ್ಟ. ಜೊತೆಗೆ, ರಾತ್ರೋರಾತ್ರಿ ಜಾಗ ಬದಲಿಸಿ ಪಂಪಿಗೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಪಂಪಿನ ಬಾಯಿಗೆ ಮೊದಲೇ ಸ್ಪಂಜು ಕಟ್ಟಿದ್ದೆ. ಮೀನುಗಳೋ, ಮೂರು ವಾರ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೆಣ್ಣು ಮೊದಲು ಬಾಲ, ಆಮೇಲೆ ಹೊಟ್ಟೆ ತಾಗಿಸಿ ತಾಗಿಸಿ ನೋಡಿತು. ಸಂಜೆಗೆ ಎರಡೂ ಒಳಗೇ ಮಲಗಿದ್ದವು.

ಅನಿಮೋನ್ ಪಕ್ಕ ಒಂದು ಮಡಕೆ ಚೂರು ಇಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಅದನ್ನು ಬಾಯಲ್ಲಿ ಉಜ್ಜಿ ಉಜ್ಜಿ ಸ್ವಚ್ಛ ಮಾಡಿ, ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟವು. ಮೊಟ್ಟೆಯ ಆರೈಕೆ ಹೆಚ್ಚಾಗಿ ಗಂಡಿನದೇ. ರೆಕ್ಕೆಯಿಂದ ಗಾಳಿ ಬೀಸಿದ ಹಾಗೆ ನೀರು ಬೀಸುತ್ತದೆ, ಕೆಟ್ಟ ಮೊಟ್ಟೆ ಹೆಕ್ಕಿ ತೆಗೆಯುತ್ತದೆ. ಮೊಟ್ಟೆ ದಿನದಿಂದ ದಿನಕ್ಕೆ ಕಪ್ಪಾಗಿ, ಕೊನೆಗೆ ಪ್ರತಿ ಮೊಟ್ಟೆಯಲ್ಲೂ ಬೆಳ್ಳಿಯ ಹಾಗೆ ಹೊಳೆಯುವ ಎರಡು ಕಣ್ಣು ಕಂಡವು. ನನ್ನ ಟ್ಯಾಂಕಿನ ನೀರು 26 ಡಿಗ್ರಿ. 8ನೇ ರಾತ್ರಿ, ಲೈಟ್ ಆರಿಸಿದ ಮೇಲೆ ಮರಿಗಳು ಹೊರಬಂದವು.

ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಮೀನಿನ ಒಣ ಆಹಾರವನ್ನೇ ಪುಡಿ ಮಾಡಿ ಹಾಕಿದರೆ ಸಾಕು ಅಂದುಕೊಂಡಿದ್ದೆ. ಮರಿಗಳು ಅದನ್ನು ಮೂಸಲಿಲ್ಲ, ಪುಡಿ ತಳದಲ್ಲಿ ಕೊಳೆತು ನೀರು ಕೆಟ್ಟಿತು. ಮೂರೇ ದಿನದಲ್ಲಿ ಎಲ್ಲ ಖಾಲಿ. ಮೊದಮೊದಲು ಅವಕ್ಕೆ ಓಡಾಡುವ ಜೀವವೇ ಬೇಕು, ಅದೂ ಬಾಯಿಗೆ ಹಿಡಿಯುವಷ್ಟು ಸಣ್ಣದು. ಅಂದರೆ ರೋಟಿಫರ್ ಎಂಬ, ನೀರಿನಲ್ಲಿ ಈಜಾಡುವ ಅತಿ ಸಣ್ಣ ಜೀವಿ.

ಮುಂದಿನ ಸಲ ಮೊಟ್ಟೆ ಕಾಣುವ ಮೊದಲೇ ಬಕೆಟ್‌ನಲ್ಲಿ ಹಸಿರು ಪಾಚಿ ನೀರು ಹಾಕಿ ರೋಟಿಫರ್ ಬೆಳೆಸಿದೆ. ಮೊಟ್ಟೆ ಇಟ್ಟ 8ನೇ ಸಂಜೆ ಮಡಕೆ ಚೂರನ್ನು ನೀರೊಳಗೇ ಡಬ್ಬಿಗೆ ಸರಿಸಿ, 20 ಲೀಟರ್ ಟ್ಯಾಂಕಿಗೆ ಸಾಗಿಸಿದೆ. ಹೆಣ್ಣು ನನ್ನ ಬೆರಳಿಗೆ ಕಚ್ಚಿದ ಗುರುತು ಎರಡು ದಿನ ಇತ್ತು! ಚೂರಿನ ಕೆಳಗೆ ಗಾಳಿಗುಳ್ಳೆ ಬಿಟ್ಟೆ, ಗಾಜಿಗೆ ಕಪ್ಪು ಕಾಗದ ಸುತ್ತಿದೆ. ದಿನಾ ನೀರಿನಲ್ಲಿ ಅಮೋನಿಯಾ (ಕೊಳೆಯಿಂದ ಹುಟ್ಟುವ ವಿಷ) ಎಷ್ಟಿದೆ ಎಂದು ನೋಡಿ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆ. ಒಂದು ವಾರದ ನಂತರ ಆಗತಾನೆ ಮರಿಯಾದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಗಳನ್ನು ಆಹಾರಕ್ಕೆ ಸೇರಿಸಿದೆ.

ಮರಿಗಳು ಹೊರಬಂದ 11ನೇ ದಿನ ಒಂದರ ತಲೆಯ ಹಿಂದೆ ಮಸುಕಾದ ಬಿಳಿ ಪಟ್ಟೆ ಕಂಡಿತು. ಕೊನೆಗೆ ಉಳಿದದ್ದು 31. ಅಷ್ಟರಲ್ಲಿ ದೊಡ್ಡ ಟ್ಯಾಂಕಿನಲ್ಲಿ ಮತ್ತೆ ಮೊಟ್ಟೆ. ಆ ಸಲ ಹಾಗೇ ಬಿಟ್ಟೆ, ಬಕೆಟ್‌ನಲ್ಲಿ ಅಷ್ಟು ರೋಟಿಫರ್ ಉಳಿದಿರಲಿಲ್ಲ.