ದೋಸೆ ಹೆಂಚಿನ ಮೇಲೆ ಸೈಕಲ್ಲು

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿತು ಅಂದಾಗ ಬೆಂಗಳೂರಿನ ನನ್ನ ಸೈಕಲ್ ಗೆಳೆಯರು ಮೊದಲು ನಕ್ಕರು. "ನಂದಿ ಬೆಟ್ಟ ಬಿಟ್ಟು ದೋಸೆ ಹೆಂಚಿನ ಮೇಲೆ ತುಳಿಯೋಕೆ ಹೋಗ್ತಿದೀಯಾ?" ಅಂದ ಒಬ್ಬ. ತಪ್ಪೇನಿಲ್ಲ. ನೆದರ್ಲೆಂಡ್ಸ್‌ನ ಯುರೋಪಿನ ಭಾಗದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ವಾಲ್ಸರ್‌ಬರ್ಗ್, 322 ಮೀಟರ್. ನಂದಿ 1478 ಮೀಟರ್. ನನಗೂ ಒಳಗೊಳಗೇ ಬೇಜಾರಿತ್ತು.

ಆಗ ನನ್ನ ಸೈಕಲ್ ಜೀವನ ಅಂದರೆ ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಏಳೋದು, ಹೆಬ್ಬಾಳ ದಾಟೋದು, ದೇವನಹಳ್ಳಿ ರಸ್ತೆಯಲ್ಲಿ ಲಾರಿಗಳಿಗೆ ಹೆದರಿಕೊಂಡು ಹೋಗೋದು, ನಂದಿ ಹತ್ತೋದು, ಕಳೆದ ವಾರಕ್ಕಿಂತ ಎಷ್ಟು ಸೆಕೆಂಡು ಕಮ್ಮಿಯಾಯ್ತು ಅಂತ ನೋಡೋದು. ನಾಲ್ಕು ಜನ ಜೊತೆಗೆ ಹೊರಟರೂ ಬೆಟ್ಟದ ಬುಡ ಬಂದ ಮೇಲೆ ಅವರವರ ಪಾಡು ಅವರವರದು. ಮೇಲೆ ಹೋದ ಮೇಲೇ ಮತ್ತೆ ಮಾತು. ಸೈಕಲ್ ಅಂದರೆ ನಾನೂ ಗಡಿಯಾರವೂ ಅಷ್ಟೇ ಅಂತ ನಂಬಿದ್ದೆ.

ಬಂದ ಎರಡನೇ ತಿಂಗಳು ಒಂದು ಹಳೇ ಅಲ್ಯುಮಿನಿಯಂ ರೋಡ್ ಬೈಕ್ ಕೊಂಡೆ. ಹುಡುಕೋದೇ ಒಂದು ಪಾಡಾಯ್ತು. ಇಲ್ಲಿನ ಜನ ತೆಂಗಿನಮರದ ಹಾಗೆ ಬೆಳೆದಿರುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಬರೋದೆಲ್ಲ 58, 60 ಸೆಂಟಿಮೀಟರಿನ ಫ್ರೇಮು. ಐದಡಿ ಆರಿಂಚಿನ ನನಗೆ ಬೇಕಾದ 52 ಸಿಗೋಕೆ ಆರು ವಾರ ಹಿಡಿಯಿತು. ಮಾರಿದಾಕೆ ತನ್ನ ಮಗ ಹದಿನಾಲ್ಕನೇ ವಯಸ್ಸಲ್ಲಿ ಓಡಿಸುತ್ತಿದ್ದ ಸೈಕಲ್ ಅದು ಅಂದಳು. ಸುಮ್ನೆ ದುಡ್ಡು ಕೊಟ್ಟು ಬಂದೆ.

ಸೋಮವಾರ ಆಫೀಸಲ್ಲಿ ಖುಷಿಯಿಂದ ಹೇಳಿದರೆ ಪಕ್ಕದವನು ಕೇಳಿದ, "ಓ, ನೀನು ವೀಲ್‌ರೆನ್ನರಾ?" ಇಲ್ಲಿ ಎರಡು ಜಾತಿ. ದಿನಾ ಆಫೀಸಿಗೆ, ಅಂಗಡಿಗೆ, ಮಗೂನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಹೋಗುವವರು 'ಫೀಟ್ಸರ್'. ಅವರನ್ನು ಸೈಕಲ್ ಸವಾರ ಅಂತ ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ನಾವು ದಿನಾ ನಡೆದಾಡುತ್ತೇವೆ ಅಂತ ಯಾರಾದರೂ ನಮ್ಮನ್ನು 'ಪಾದಚಾರಿ' ಅಂತ ಕರೀತಾರಾ? ಹಾಗೇ. ಬಿಗಿ ಬಟ್ಟೆ ತೊಟ್ಟು, ಬಾಗಿದ ಹ್ಯಾಂಡಲ್ ಹಿಡಿದು ಜೋರಾಗಿ ಹೋಗುವವನು 'ವೀಲ್‌ರೆನ್ನರ್'. ಹೆಲ್ಮೆಟ್ ನೋಡಿದರೇ ಗೊತ್ತಾಗುತ್ತದೆ. ಫೀಟ್ಸರ್ ತಲೆಯಲ್ಲಿ ಇರಲ್ಲ, ವೀಲ್‌ರೆನ್ನರ್ ತಲೆಯಲ್ಲಿ ಇರುತ್ತೆ. ಎರಡನೇ ಜಾತಿಯವರನ್ನು ಕಂಡರೆ ಮೊದಲನೇ ಜಾತಿಯವರಿಗೆ ಸ್ವಲ್ಪ ಸಿಡುಕು. ನಾಯಿ ಹಿಡಿದುಕೊಂಡು ವಾಕಿಂಗ್ ಬಂದವರಿಗೆ ಇನ್ನೂ ಜಾಸ್ತಿ.

ದಾರಿ ಹುಡುಕುವ ಕಷ್ಟ ಮಾತ್ರ ಇಲ್ಲವೇ ಇಲ್ಲ. ಸೈಕಲ್ ದಾರಿಗಳು ಕೂಡುವ ಕಡೆಯೆಲ್ಲ ಒಂದೊಂದು ನಂಬರಿನ ಫಲಕ. ಮನೆಯಲ್ಲೇ 12, 45, 83, 07 ಅಂತ ಚೀಟಿಯಲ್ಲಿ ಬರೆದುಕೊಂಡು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಮುಗೀತು. ಇದು ಶುರುವಾಗಿದ್ದು ಗಡಿಯಾಚೆ, ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ, 1995ರಲ್ಲಿ. ಹ್ಯೂಗೋ ಬೊಲ್ಲೆನ್ ಅನ್ನುವ ಗಣಿ ಎಂಜಿನಿಯರ್ ತಲೆಯಿಂದ ಬಂದದ್ದು. ಕಲ್ಲಿದ್ದಲ ಗಣಿಯ ಒಳಗೆ ಕವಲುಗಳಿಗೆ ನಂಬರ್ ಹಾಕಿ ದಾರಿ ತೋರಿಸುತ್ತಿದ್ದ ಹಾಗೇ ಮೇಲೂ ಹಾಕಿದರೆ ಹೇಗೆ ಅಂತ. ಗಣಿಗಳು ಮುಚ್ಚಿಹೋದವು, ನಂಬರುಗಳು ಎರಡೂ ದೇಶ ಹಬ್ಬಿದವು. ಫೋನ್ ಚಾರ್ಜ್ ಮುಗಿದರೂ ಮನೆ ಸೇರಬಹುದು ಅನ್ನೋ ಧೈರ್ಯ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಇನ್ನು ಗಾಳಿಯ ವಿಷಯ.

ಮೊದಲ ದೊಡ್ಡ ಸವಾರಿ ಒಬ್ಬನೇ ಹೋದೆ. ಹೆಲ್ಮಂಡ್‌ವರೆಗೆ ಹೋಗಿ, ಅಲ್ಲಿಂದ ಜೌಡ್-ವಿಲ್ಲೆಮ್ಸ್‌ಫಾರ್ಟ್ ಕಾಲುವೆ ಪಕ್ಕದ ದಾರಿ ಹಿಡಿದು ಉತ್ತರಕ್ಕೆ, ಫೇಖಲ್ ಊರಿನ ಕಡೆಗೆ. ನೆಟ್ಟಗಿನ ದಾರಿ, ಒಂದು ಕಡೆ ನೀರು, ಒಂದು ಕಡೆ ಮರ. ಮೀಟರ್ ನೋಡುತ್ತೇನೆ, 36! ಉಸಿರು ಕೂಡ ಜೋರಾಗಿಲ್ಲ. ಇಷ್ಟು ವರ್ಷ ನಂದಿ ಹತ್ತಿದ್ದು ಸಾರ್ಥಕ ಆಯ್ತು, ಈ ದೇಶದ ಚಪ್ಪಟೆ ರಸ್ತೆಯಲ್ಲಿ ನಾನು ಚಾಂಪಿಯನ್ ಅಂದುಕೊಂಡೆ. ಫೇಖಲ್‌ನಲ್ಲಿ ಬಾಳೆಹಣ್ಣು ತಿಂದು ವಾಪಸ್ ತಿರುಗಿಸಿದೆ. ಯಾರೋ ಎದೆ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿದ ಹಾಗಾಯಿತು. 22. ಆಮೇಲೆ 20. ಬಗ್ಗಿ ತುಳಿದೆ, ಬೈದುಕೊಂಡು ತುಳಿದೆ, 21. ಬೆಳಗಿನಿಂದ ಗಾಳಿ ನನ್ನ ಬೆನ್ನಿಗೆ ಕೈಕೊಟ್ಟು ನೂಕಿತ್ತು, ನಾನು ಅದನ್ನು ನನ್ನ ಕಾಲಿನ ಬಲ ಅಂದುಕೊಂಡಿದ್ದೆ.

ಲೆಕ್ಕ ಸುಲಭ. ನಾನು 30ರಲ್ಲಿ ಹೋಗುವಾಗ ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬಂದರೆ ಮೈಗೆ ಬಡಿಯೋದು 50ರ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅಂದರೆ ಗಾಳಿ ಇಲ್ಲದ ದಿನಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು ತಡೆ. ಬೆಟ್ಟಕ್ಕಾದರೆ ತುದಿ ಅಂತ ಒಂದಿರುತ್ತದೆ. ತಿರುವು ಎಣಿಸಬಹುದು, ಇನ್ನೆರಡೇ ಅಂತ ಸಮಾಧಾನ ಮಾಡಿಕೊಳ್ಳಬಹುದು. ಗಾಳಿಗೆ ತುದಿ ಇಲ್ಲ. ಇಳಿಜಾರೂ ಇಲ್ಲ. ಮನೆ ಬಾಗಿಲವರೆಗೂ ಜೊತೆಗೆ ಬರುತ್ತದೆ.

ಡಚ್ಚರು ಈ ಗಾಳಿಯನ್ನೇ ಆಟ ಮಾಡಿಕೊಂಡಿದ್ದಾರೆ. ಜೀಲೆಂಡ್‌ನಲ್ಲಿ ಸಮುದ್ರ ತಡೆಯೋಕೆ ಕಟ್ಟಿದ ಓಸ್ಟರ್‌ಸ್ಕೆಲ್ಡ್ ತಡೆಗೋಡೆ ಮೇಲೆ ಎದುರುಗಾಳಿ ಸೈಕಲ್ ಚಾಂಪಿಯನ್‌ಷಿಪ್ ನಡೆಯುತ್ತದೆ. ಎಂಟೂವರೆ ಕಿಲೋಮೀಟರ್, ಗೇರ್ ಇಲ್ಲದ ಮಾಮೂಲಿ ಮನೆ ಸೈಕಲ್ಲು. ಬಿರುಗಾಳಿ ಬಂದರೆ ಮಾತ್ರ ಪಂದ್ಯ. ನಮ್ಮ ಐಂಡ್‌ಹೋವನ್ ಹತ್ತಿರ ಹೋವನ್‌ರಿಂಗ್ ಅಂತ ದೊಡ್ಡ ಸರ್ಕಲ್ ಮೇಲೆ ತೂಗುವ ಉಂಗುರದಂಥ ಸೈಕಲ್ ಸೇತುವೆ ಇದೆ. 70 ಮೀಟರ್ ಕಂಬ, ಅದರಿಂದ 24 ಉಕ್ಕಿನ ಹಗ್ಗ. ಕಟ್ಟಿದ ಹೊಸತರಲ್ಲಿ ಗಾಳಿಗೆ ಆ ಹಗ್ಗಗಳು ತಂಬೂರಿ ತಂತಿ ಹಾಗೆ ನಡುಗಿದವಂತೆ. ಮುಚ್ಚಿ, ಸರಿಮಾಡಿ, 2012ರ ಬೇಸಿಗೆಯಲ್ಲಿ ಮತ್ತೆ ತೆರೆದರು. ಉಕ್ಕಿಗೇ ಹಾಗಾದರೆ ನನ್ನ ಮಂಡಿ ಯಾವ ಲೆಕ್ಕ?

ಆ ಕಾಲುವೆ ದಿನದ ಮೇಲೆ ಊರಿನ ಒಂದು ಸೈಕಲ್ ಸಂಘಕ್ಕೆ ಸೇರಿದೆ. ಇಷ್ಟಪಟ್ಟು ಅಲ್ಲ, ಗತಿಯಿಲ್ಲದೆ. ಒಬ್ಬರ ಹಿಂದೆ ಒಬ್ಬರು ಒಂದಡಿ ಅಂತರದಲ್ಲಿ ಹೋದರೆ ಹಿಂದಿನವನಿಗೆ ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಮುಂದಿನವನು ಸುಸ್ತಾದಾಗ ಪಕ್ಕಕ್ಕೆ ಸರಿದು ಕೊನೆಗೆ ಬರುತ್ತಾನೆ, ಎರಡನೆಯವನು ಗಾಳಿಗೆ ಎದೆ ಕೊಡುತ್ತಾನೆ. ಗಾಳಿ ಅಡ್ಡಕ್ಕೆ ಬೀಸಿದರೆ ಸಾಲೂ ಓರೆಯಾಗುತ್ತದೆ, ಬೀಸಣಿಗೆ ಬಿಚ್ಚಿದ ಹಾಗೆ. ಅದರ ಹೆಸರೂ 'ವಾಯರ್', ಅಂದರೆ ಬೀಸಣಿಗೆಯೇ.

ಓದೋಕೆ ಚೆನ್ನಾಗಿದೆ ಅಲ್ವಾ? ಮೊದಲ ದಿನ ನನಗೆ ಕಣ್ಣಿಗೆ ಕಂಡದ್ದು ಮುಂದಿನವರ ಹಿಂದಿನ ಚಕ್ರ ಒಂದೇ. ಹದಿನಾಲ್ಕು ಜನ, ಎರಡೆರಡು ಸಾಲು, ಮೂರು ಮೀಟರ್ ಅಗಲದ ದಾರಿ. ಮುಂದಿನಿಂದ ಕೂಗು ಬರುತ್ತಿತ್ತು, ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. "ಟೇಖೆನ್!" ಅಂದರೆ ಎದುರಿನಿಂದ ಯಾರೋ ಬರ್ತಿದಾರೆ. "ಆಖ್ಟರ್!" ಅಂದರೆ ಹಿಂದೆ ಗಾಡಿ. "ಫೋರ್!" ಅಂದರೆ ಮುಂದೆ ಯಾರೋ ನಿಧಾನಕ್ಕೆ ಹೋಗ್ತಿದಾರೆ. ಇದೆಲ್ಲ ಈಗ ಗೊತ್ತು. ಅವತ್ತು 'ಫೋರ್' ಕೇಳಿ ಯಾಕೆ ನಾಲ್ಕು ನಾಲ್ಕು ಅಂತಿದಾರೆ, ನಾನು ನಾಲ್ಕನೇ ಸಾಲಲ್ಲಿರೋದಕ್ಕಾ ಅಂತ ತಲೆ ಕೆಡಿಸಿಕೊಂಡಿದ್ದೆ.

ಆಗ ಬಂತು, "ಪಾಲ್!"

ಯಾವ ಪಾಲು, ಯಾರ ಪಾಲು ಅಂತ ಕನ್ನಡದಲ್ಲೇ ಯೋಚಿಸಿದೆ. ಮುಂದಿನ ಚಕ್ರ ಥಟ್ಟನೆ ಎಡಕ್ಕೆ ಸರಿಯಿತು. ಅದು ಇದ್ದ ಜಾಗದಲ್ಲಿ ಬಿಳಿ ಕೆಂಪು ಬಳಿದ, ಸೊಂಟದೆತ್ತರದ ಕಂಬ. ಕಾರು ನುಗ್ಗದಿರಲಿ ಅಂತ ಸೈಕಲ್ ದಾರಿ ನಡುಮಧ್ಯೆ ನೆಟ್ಟಿರುತ್ತಾರೆ. ಪಾಲ್ ಅಂದರೆ ಕಂಬ. ನನ್ನ ಪಾಲಿಗೆ ಬಂದದ್ದು ಅದೇ. ಹ್ಯಾಂಡಲ್ಲಿನ ತುದಿ ತಾಗಿ ಬಲಗಡೆ ಹುಲ್ಲಿನ ಮೇಲೆ ಬಿದ್ದೆ. ಮೊಣಕೈ ತರಚಿತು, ಹಿಂದಿನ ಗೇರ್ ಬದಲಿಸುವ ಡಿರೇಲರ್ ತೂಗುವ ಹ್ಯಾಂಗರ್ ಬಗ್ಗಿತು, ಮಾನ ಪೂರ್ತಿ ಹೋಯಿತು.

ಹದಿಮೂರು ಜನವೂ ನಿಂತರು. ಅವರಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಯಜಮಾನರು ಬಂದು ಮೊದಲು ನನ್ನ ಕತ್ತು, ಭುಜ ಮುಟ್ಟಿ ನೋಡಿದರು. ಆಮೇಲೆ ಸೈಕಲ್. (ಇಲ್ಲಿ ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಾರೆ. ಬಾಯಲ್ಲಿ ನಾನೂ ಹಾಗೇ ಕರೀತೀನಿ. ಮನಸ್ಸಲ್ಲಿ ಅವರು ಇವತ್ತಿಗೂ ಯಜಮಾನರೇ.) ಕೈಯಲ್ಲೇ ಹ್ಯಾಂಗರನ್ನು ಒಂದಿಷ್ಟು ನೆಟ್ಟಗೆ ಮಾಡಿ, ಮಧ್ಯದ ಗೇರ್‌ಗೆ ಹಾಕಿ, ಇದನ್ನು ಬಿಟ್ಟು ಬೇರೆ ಗೇರ್ ಮುಟ್ಟಬೇಡ ಅಂದರು. ಮನೆಯವರೆಗೆ 30 ಕಿಲೋಮೀಟರ್, ಎದುರುಗಾಳಿ. ಅಷ್ಟೂ ದೂರ ನನ್ನನ್ನು ಮಧ್ಯದಲ್ಲಿ ಇಟ್ಟುಕೊಂಡು ಬಂದರು. ಒಂದು ಸಲವೂ ಮುಂದೆ ಬಿಡಲಿಲ್ಲ. ವೇಗ ಕಮ್ಮಿ ಮಾಡಿದ್ದೂ ಗೊತ್ತಾಗದ ಹಾಗೆ ಕಮ್ಮಿ ಮಾಡಿದ್ದರು.

ಮುಂದಿನ ಒಂದು ವರ್ಷ ನಾನು ಕಲಿತದ್ದು ಜಾಸ್ತಿ ಕಾಲಿನ ವಿದ್ಯೆ ಅಲ್ಲ. ನನ್ನ ಸರದಿ ಬಂದಾಗ ವೇಗ ಏರಿಸಬಾರದು. ಇದು ನನಗೆ ಬಹಳ ಕಷ್ಟ ಆಯಿತು. ಮುಂದೆ ಹೋದ ತಕ್ಷಣ ಕಾಲು ತಾನೇ ಜೋರಾಗುತ್ತಿತ್ತು, ನಂದಿ ಚಾಳಿ. ಹಿಂದಿನಿಂದ ಯಾರಾದರೂ "ಹೋ, ಹೋ" ಅನ್ನೋರು, ಎತ್ತಿಗೆ ಹೇಳುವ ಹಾಗೆ. ಸುಸ್ತಾಗುವ ಮೊದಲೇ ಪಕ್ಕಕ್ಕೆ ಸರಿಯಬೇಕು, ಇಲ್ಲದಿದ್ದರೆ ಕೊನೆಯವನ ಚಕ್ರ ಹಿಡಿಯೋಕೆ, ಅಂದರೆ ಅವನ ಹಿಂದೆ ಅಂಟಿಕೊಳ್ಳೋಕೆ, ಆಗಲ್ಲ. ಹೊರಡುವಾಗ ಗಾಳಿಗೆ ಎದುರಾಗಿ ಹೊರಡಬೇಕು, ಬರುವಾಗ ಅದು ನೂಕಲಿ. ಇಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ. ಹಾಗಾಗಿ ನಮ್ಮ ಭಾನುವಾರಗಳು ಬೆಲ್ಜಿಯಂ ಕಡೆಗೇ ಜಾಸ್ತಿ, ಪೋಸ್ಟಲ್ ಅನ್ನುವ ಹಳೇ ಮಠದವರೆಗೆ. ಗಡಿ ಎಲ್ಲಿ ಅಂತ ಫಲಕ ನೋಡಬೇಕಾಗಿಲ್ಲ. ರಸ್ತೆ ಗಡಗಡ ಅಂದರೆ ದೇಶ ಬದಲಾಯ್ತು ಅಂತ ಲೆಕ್ಕ. ಅಲ್ಲಿ ಕಾಫಿ, ಸೇಬಿನ ಕೇಕು. ಸಂಘದವರಿಗೆ ಅದು ನಿಯಮ, ನಾನು ಜೇಬಿನಿಂದ ಕಡಲೆ ಮಿಠಾಯಿ ತೆಗೀತೀನಿ. ಈಗ ಬೆಂಗಳೂರಿಂದ ಬರುವಾಗ ಎರಡು ಕೆ.ಜಿ. ಹೆಚ್ಚಿಗೆ ತರಬೇಕು, ಅರ್ಧ ಸಂಘಕ್ಕೆ ಚಟ ಹತ್ತಿಸಿಬಿಟ್ಟಿದ್ದೇನೆ.

ಚಳಿಗಾಲದ ಬಗ್ಗೆ ಹೆಚ್ಚು ಬರೆಯಲ್ಲ. ಡಿಸೆಂಬರಲ್ಲಿ ಬೆಳಕಾಗೋದೇ ಎಂಟೂಮುಕ್ಕಾಲಿಗೆ, ಸಂಜೆ ನಾಲ್ಕೂವರೆಗೆ ಕತ್ತಲು. ಮುಂಡಕ್ಕೆ ಮೂರು ಪದರ ಹಾಕಿದರೂ ಕಾಲ್ಬೆರಳಿಗೆ ಉಪಾಯ ಇಲ್ಲ. ಒದ್ದೆ ಎಲೆ ಮೇಲೆ ಚಕ್ರ ಜಾರುತ್ತದೆ. ಅಮ್ಮ ಫೋನಲ್ಲಿ ಕೇಳ್ತಾರೆ, "ಅಷ್ಟು ಸಂಬಳ ತಗೊಂಡು ಇನ್ನೂ ಸೈಕಲ್ಲೇನೋ?" ಜೂನ್ ಬಂದರೆ ಮಾತ್ರ ಎಲ್ಲ ಮಾಫಿ. ರಾತ್ರಿ ಹತ್ತರವರೆಗೂ ಬೆಳಕು. ಆಫೀಸ್ ಮುಗಿಸಿ, ಅವಲಕ್ಕಿ ತಿಂದು ಹೊರಟರೂ 60 ಕಿಲೋಮೀಟರ್ ಮಾಡಿ ಬರಬಹುದು.

ಬೆಟ್ಟದ ಹಸಿವು ತೀರಿಸಿಕೊಳ್ಳೋಕೆ ವರ್ಷಕ್ಕೆರಡು ಸಲ ರೈಲಲ್ಲಿ ಮಾಸ್ಟ್ರಿಕ್ಟ್‌ಗೆ ಹೋಗ್ತೀನಿ. ಸೈಕಲ್ಲಿಗೂ ಟಿಕೆಟ್, ವಾರದ ದಿನ ಆಫೀಸ್ ಹೊತ್ತಲ್ಲಿ ಬಿಡಲ್ಲ. ಅಲ್ಲಿಂದ ಫಾಲ್ಕನ್‌ಬರ್ಗ್ ಹತ್ತಿರ. ಸೈಕಲ್ ಪಂದ್ಯಗಳಿಗೆ ಹೆಸರಾದ ಏರು ಕೌಬರ್ಗ್ ಇರೋದು ಅಲ್ಲೇ. ಐದು ಸಲ ರೋಡ್ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಷಿಪ್ ಕಂಡ ಊರು, ಕೊನೆಯದು 2012ರಲ್ಲಿ. ಮೊದಲ ಸಲ ನೋಡಿದಾಗ ಇಷ್ಟೇನಾ ಅನಿಸಿತು. 1200 ಮೀಟರ್ ಉದ್ದ, ಕಡಿದಾದ ಕಡೆ 12 ಪರ್ಸೆಂಟ್. ನಾಲ್ಕೈದು ನಿಮಿಷದ ಕೆಲಸ. ಯಜಮಾನರು ನನ್ನ ಮುಖ ನೋಡಿ ನಕ್ಕು ಏನೂ ಹೇಳಲಿಲ್ಲ. ಅವತ್ತು ಅಂಥ ಹನ್ನೆರಡು ಏರು ಹತ್ತಿಸಿದರು. ಉಸಿರು ಸರಿಹೋಗುವ ಮೊದಲೇ ಇನ್ನೊಂದು. ಕ್ಯೋಟನ್‌ಬರ್ಗ್‌ನಲ್ಲಿ 22 ಪರ್ಸೆಂಟ್ ಅಂತ ಹೇಳುವ ಒಂದು ತುಂಡಿದೆ, ಅಲ್ಲಿ ಮುಂದಿನ ಚಕ್ರ ಮೇಲೆದ್ದಿತು. ಇಳಿದು ತಳ್ಳಿದೆ. ನಂದಿಯಲ್ಲಿ ಒಮ್ಮೆಯೂ ಇಳಿಯದವನು ದೋಸೆ ಹೆಂಚಿನ ದೇಶದಲ್ಲಿ ಇಳಿದೆ. ಕೆಳಗೆ ಬಂದ ಮೇಲೆ ಒಂದು ಬೇಕರಿಯಲ್ಲಿ ರೈಸ್ಟ್‌ಫ್ಲಾಯ್ ತಿನ್ನಿಸಿದರು. ಹಿಟ್ಟಿನ ತಟ್ಟೆಯೊಳಗೆ ಗಟ್ಟಿ ಅಕ್ಕಿ ಪಾಯಸ ಹಾಕಿ ಬೇಯಿಸಿದ್ದು. ಏಲಕ್ಕಿ ಒಂದು ಇಲ್ಲ ಅಷ್ಟೇ. ಎರಡು ತುಂಡು ತಿಂದೆ.

ಕಳೆದ ಡಿಸೆಂಬರಲ್ಲಿ ಊರಿಗೆ ಹೋದಾಗ ಹಳೇ ಗೆಳೆಯರ ಜೊತೆ ನಂದಿಗೆ ಹೊರಟೆ. ದೇವನಹಳ್ಳಿ ರಸ್ತೆಯಲ್ಲಿ ಮೂವರೂ ದೂರ ದೂರ, ಎಂದಿನಂತೆ. ನಾನು ಮುಂದೆ ಬಂದು, ನನ್ನ ಚಕ್ರ ಹಿಡೀರಿ ಅಂದೆ. ಸುಮ್ನಿರೋ ಫಾರಿನ್ನು ಅಂತ ಬೈದರೂ ಹಿಂದೆ ಬಂದರು. ಐದು ಕಿಲೋಮೀಟರ್ ಚೆನ್ನಾಗಿ ನಡೆಯಿತು, ಸರದಿಯೂ ಬದಲಾಯಿತು. ಆಮೇಲೆ ಮತ್ತೆ ನನ್ನ ಸರದಿ. ಇನ್ನೂ ಕತ್ತಲು. ಲೈಟಿನ ಬೆಳಕಲ್ಲಿ ರಸ್ತೆ ನಡುವೆ ಯಾರೋ ಇಟ್ಟಿದ್ದ ಪೊಲೀಸ್ ಬ್ಯಾರಿಕೇಡ್ ಕಂಡಿತು. ಯೋಚಿಸೋಕೆ ಹೊತ್ತಿರಲಿಲ್ಲ, ಬಾಯಿಗೆ ಬಂದದ್ದು ಕೂಗಿದೆ.

"ಪಾಲ್!"

ಹಿಂದಿನಿಂದ ಬ್ರೇಕ್ ಕಿರ್ ಅಂದಿತು. ಅದರ ಜೊತೆಗೇ ಕೂಗು, "ಯಾರ ಪಾಲೋ?"