ಕನ್ನಡದಲ್ಲಿ ಕೇಳಿ ಇಂಗ್ಲಿಷಲ್ಲಿ ಬರೆದೆ: ರೈಲಿನಲ್ಲಿ ಮುಗಿದ ನನ್ನ ಸೈಕಾಲಜಿ ಎಂಎ

"ಕನ್ನಡದಲ್ಲಿ ಓದಿ ಇಂಗ್ಲಿಷಲ್ಲಿ ಬರೀತೀರಾ? ಒಂದೇ ಕೆಲಸ ಎರಡು ಸಲ ಮಾಡ್ದಂಗೆ ಅಲ್ವಾ ಅಕ್ಕ?" ಅಂತ ನಮ್ಮ ಬ್ಯಾಚಿನ ಒಬ್ಬ ಹುಡುಗ ಕೇಳಿದ್ದ. ಅದು 2022ರ ಕೊನೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ವರ್ಷದ ಆರು ಪೇಪರ್ ಒಟ್ಟಿಗೆ ಬರೆದು ನಾಲ್ಕರಲ್ಲಿ ಢುಮ್ಕಿ ಹೊಡೆದಿದ್ದೆ. ಈಗ ಗ್ರೇಡ್ ಕಾರ್ಡಿನಲ್ಲಿ 64 ಚಿಲ್ಲರೆ ಪರ್ಸೆಂಟ್ ಇದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಇಗ್ನೋದ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಎಂಎಪಿಸಿ, ಅಂದರೆ ಸೈಕಾಲಜಿ ಎಂಎ, ಕೌನ್ಸೆಲಿಂಗ್ ವಿಭಾಗ. 2021ರ ಜುಲೈಯಲ್ಲಿ ಸೇರಿದೆ. ಹೊಸದಾಗಿ ಸೇರಬೇಕು ಅಂತಿರುವವರಿಗೆ ಇದು ಉಪಯೋಗಕ್ಕೆ ಬರಲ್ಲ. ದೂರ ಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಸೈಕಾಲಜಿಗೆ ಹೊಸ ಪ್ರವೇಶ ಬೇಡ ಅಂತ ಯುಜಿಸಿ 2025ರ ಜುಲೈ-ಆಗಸ್ಟ್ ಸೆಷನ್ನಿನಿಂದಲೇ ನಿಲ್ಲಿಸಿಬಿಟ್ಟಿದೆ. ಒಳಗೆ ಸೇರಿಕೊಂಡು, ಎರಡು ವರ್ಷದ ಕೋರ್ಸು ಮೂರಾಗಿ, ಮೂರು ನಾಲ್ಕಾಗುತ್ತಾ ಕೂತವರು ಇದ್ದೀರಲ್ಲ, ನಿಮಗಾಗಿ ಇದು.

ನನ್ನ ದಿನಚರಿ ಹೀಗಿತ್ತು. ಮನೆ ತುಮಕೂರು, ಕೆಲಸ ಯಶವಂತಪುರದ ಒಂದು ಕಂಪನಿಯಲ್ಲಿ ಅಕೌಂಟ್ಸ್. ವಯಸ್ಸು ಆಗ 41. ಓದಿದ್ದು ಬಿಕಾಂ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. "ನಿಮ್ಮ ಅನುಕೂಲಕ್ಕೆ ತಕ್ಕಂತೆ ಓದಿ" ಅನ್ನುವ ಮಾತು ಕೇಳಿ ಸೇರಿದವಳು ನಾನು. ಅನುಕೂಲ ಅನ್ನುವುದು ಯಾವತ್ತೂ ಬರಲಿಲ್ಲ. ಯಾರೂ ಕೇಳುವವರಿಲ್ಲ, ಹಾಜರಿ ಇಲ್ಲ. ಮೊದಲ ಎಂಟು ತಿಂಗಳು ಒಂದು ಬ್ಲಾಕ್ (ಪಠ್ಯದ ಒಂದು ಭಾಗ) ಕೂಡ ಮುಗಿದಿರಲಿಲ್ಲ. ನನ್ನ ಮೈದುನ ಬೇರೆ, "ಅತ್ತಿಗೆ, ಓಪನ್ ಯೂನಿವರ್ಸಿಟಿ ತಾನೇ, ಫೀಸು ಕಟ್ಟಿದ್ರೆ ಸರ್ಟಿಫಿಕೇಟ್ ಮನೆಗೇ ಬರುತ್ತೆ ಬಿಡಿ" ಅಂತಿದ್ದ. ನಾಲ್ಕು ಪೇಪರ್ ಹೋದ ಮೇಲೆ ಆ ಮಾತು ನಿಂತಿತು. ಅಷ್ಟರಮಟ್ಟಿಗೆ ಫೇಲಾಗಿದ್ದೂ ಲಾಭವೇ.

ಮೊದಲು ದುಡ್ಡಿನ ದಡ್ಡತನಗಳನ್ನು ಹೇಳಿಬಿಡುತ್ತೇನೆ. ಪುಸ್ತಕ ಬೇಡ, ಪಿಡಿಎಫ್ ಸಾಕು ಅಂದರೆ ಫೀಸಿನಲ್ಲಿ 15 ಪರ್ಸೆಂಟ್ ಕಡಿಮೆ ಅಂತ ಇತ್ತು. ಅಕೌಂಟ್ಸ್ ಬುದ್ಧಿ, ತಕ್ಷಣ ಟಿಕ್ ಹಾಕಿದೆ. ಉಳಿದಿದ್ದು ಸಾವಿರದ ಇನ್ನೂರರ ಹತ್ತಿರ. ಆಮೇಲೆ ಮೊಬೈಲಿನಲ್ಲಿ ಓದೋಕೆ ಕಣ್ಣು ಒಪ್ಪಲಿಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿ ಎಲ್ಲ ಬ್ಲಾಕನ್ನೂ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದೆ. ಬಿಲ್ಲು ಎರಡು ಸಾವಿರದ ಮುನ್ನೂರು. ಇನ್ನೊಂದು, ಬರೆದು ಸಿದ್ಧ ಮಾಡಿಟ್ಟ ಅಸೈನ್‌ಮೆಂಟ್ ಮಾರುವವರ ಹತ್ತಿರ ಮೂರು ವಿಷಯದ್ದು ಕೊಂಡು, ನೋಡಿಕೊಂಡು ಬರೆದುಕೊಟ್ಟೆ. ಅಂಕ ಐವತ್ತರ ಆಸುಪಾಸು ಬಂತು. ಆದರೆ ನಷ್ಟ ಅಂಕದ್ದಲ್ಲ. ನಾನೇ ಯೋಚನೆ ಮಾಡಿ ಬರೆದ ಮೂರು ವಿಷಯದಲ್ಲಿ ಎರಡು ಪಾಸಾಯಿತು. ಕೊಂಡು ಬರೆದ ಮೂರಕ್ಕೆ ಮೂರೂ ಫೇಲು. ಅಸೈನ್‌ಮೆಂಟ್ ತೂಕ 30, ಪರೀಕ್ಷೆ ತೂಕ 70 ಅಂತ ನಾವೆಲ್ಲ ಅಸೈನ್‌ಮೆಂಟನ್ನು ಸಣ್ಣದು ಅಂದುಕೊಳ್ಳುತ್ತೇವೆ. ಆ 70ಕ್ಕೆ ತಾಲೀಮು ಆಗುವುದು ಅಲ್ಲೇ.

ಫೇಲಾದ ಮೇಲೆ ಒಂದು ಭಾನುವಾರ ಪ್ರಶ್ನೆಪತ್ರಿಕೆ ಹಿಡಿದು ಕೂತೆ. ಎರಡು ಗಂಟೆ, 50 ಅಂಕ. 450 ಪದದ ಉತ್ತರ ಎರಡು, 250 ಪದದ್ದು ನಾಲ್ಕು, 100 ಪದದ್ದು ಎರಡು. ಕೂಡಿದರೆ 2,100 ಪದ. 120 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಹದಿನೇಳೂವರೆ ಪದ. ಮಗನ ಕೈಗೆ ಮೊಬೈಲ್ ಕೊಟ್ಟು, ಟೈಮ್ ನೋಡೋ ಅಂತ ಹೇಳಿ ಬರೆದು ನೋಡಿದೆ. ನನ್ನ ಕೈ ಓಡುತ್ತಿದ್ದದ್ದು ನಿಮಿಷಕ್ಕೆ 11 ಪದ! ಇಪ್ಪತ್ತು ವರ್ಷದಿಂದ ಚೆಕ್ಕಿಗೆ ಸಹಿ ಬಿಟ್ಟರೆ ಪೆನ್ನು ಹಿಡಿದವಳಲ್ಲ. ಇಡೀ ಪುಸ್ತಕ ತಲೆಯಲ್ಲಿದ್ದರೂ ಮುಕ್ಕಾಲು ಪೇಪರ್ ಕೂಡ ಬರೆಯುವ ಹಾಗಿರಲಿಲ್ಲ. ಎಲ್ಲರೂ ನನ್ನ ಇಂಗ್ಲಿಷ್ ಸಾಲದು, ಜ್ಞಾಪಕ ಸಾಲದು ಅಂತಿದ್ದರು. ಸಾಲದೇ ಇದ್ದದ್ದು ಕೈ.

ಅವತ್ತಿನಿಂದ ದಿನಾ ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ಒಂದು ಉತ್ತರ, ಇಪ್ಪತ್ತು ನಿಮಿಷ. ಪುಸ್ತಕ ಮುಚ್ಚಿಟ್ಟು. ಎರಡು ಸಲ ಹಾಲು ಉಕ್ಕಿ ಒಲೆ ತೊಳೆದಿದ್ದೇನೆ. ಜೆಲ್ ಪೆನ್ನು ಬಿಟ್ಟು ಐದು ರೂಪಾಯಿಯ ಬಾಲ್ ಪೆನ್ನಿಗೆ ಬಂದೆ. ನಾಲ್ಕು ತಿಂಗಳಲ್ಲಿ ವೇಗ 15ಕ್ಕೆ ಬಂತು, ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಉಳಿದಿದ್ದನ್ನು ಉತ್ತರ ಕುಗ್ಗಿಸಿ ಸರಿದೂಗಿಸಿದೆ. 450 ಕೇಳಿದ ಕಡೆ 350ರಲ್ಲಿ ಮುಗಿಸುತ್ತಿದ್ದೆ. ಎಲ್ಲಿ ಕುಗ್ಗಿಸಬೇಕು, ಮೊದಲ ನಾಲ್ಕು ಸಾಲಿನಲ್ಲಿ ಏನಿರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದನ್ನು ಕಲಿಯೋಕೆ ನನಗೆ ಎರಡು ಪರೀಕ್ಷೆಯ ಫೀಸು ಹೋಗಿದೆ.

ಇನ್ನು ಕನ್ನಡದ ವಿಷಯ. ಎಂಎಪಿಸಿ ಪಾಠ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇಂಗ್ಲಿಷಲ್ಲಿ ಓದುತ್ತಾ ಹೋದರೆ ಓದಿದ ಹಾಗೇ ಇರುತ್ತಿತ್ತು, ಪುಟ ಮಗುಚಿದ ಮೇಲೆ ಏನೂ ಇರುತ್ತಿರಲಿಲ್ಲ. ಆಗ ರಾತ್ರಿ ಒಂದು ಯೂನಿಟ್ (ಬ್ಲಾಕಿನೊಳಗಿನ ಒಂದು ಪಾಠ) ಓದಿ, ಅದನ್ನು ಪಕ್ಕದ ಮನೆಯವರಿಗೆ ಹೇಳಿದ ಹಾಗೆ ಕನ್ನಡದಲ್ಲಿ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡೋಕೆ ಶುರು ಮಾಡಿದೆ. ಎಂಟರಿಂದ ಹನ್ನೆರಡು ನಿಮಿಷ, ಅಷ್ಟೇ. ಬೆಳಿಗ್ಗೆ ರೈಲಿನಲ್ಲಿ ಕೇಳುವುದು. ಕ್ಯಾತ್ಸಂದ್ರ ಬಿಟ್ಟ ಮೇಲೆ ಕಿವಿಗೆ ಹಾಕಿಕೊಂಡರೆ ದಾಬಸ್‌ಪೇಟೆ ಹೊತ್ತಿಗೆ ಎರಡು ಯೂನಿಟ್. ದೊಡ್ಡಬೆಲೆಯಿಂದ ಚಿಕ್ಕಬಾಣಾವರದವರೆಗೆ ಜನ ತುಂಬಿರುತ್ತಾರೆ, ನಿಂತುಕೊಂಡೇ ಕೇಳುವುದು. ಕೈಯಲ್ಲಿ ಪುಸ್ತಕ ಹಿಡಿಯೋಕೆ ಆಗದ ಜಾಗದಲ್ಲೂ ಕಿವಿ ಖಾಲಿ ಇರುತ್ತೆ, ಅಲ್ವಾ?

ಅದಕ್ಕೂ ಮೀರಿ ಕೆಲಸ ಮಾಡಿದ್ದು ಗಾದೆ. ಡಿಫೆನ್ಸ್ ಮೆಕ್ಯಾನಿಸಂ, ಅಂದರೆ ನೋವಿನಿಂದ ತಪ್ಪಿಸಿಕೊಳ್ಳಲು ಮನಸ್ಸು ಹೂಡುವ ಉಪಾಯಗಳ ಪಾಠ ನೆನಪಿದೆಯಲ್ಲ? ಹೆಸರುಗಳು ಒಂದರ ಮೇಲೊಂದು ಕಲಸಿಹೋಗುತ್ತವೆ. ಡಿಸ್‌ಪ್ಲೇಸ್‌ಮೆಂಟ್‌ಗೆ "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಅಂತ ಕಟ್ಟಿದೆ. ರ‍್ಯಾಷನಲೈಸೇಷನ್‌ಗೆ "ಕುಣಿಯಲಾರದವಳು ನೆಲ ಡೊಂಕು ಅಂದಳು." ತನ್ನ ದೋಷವನ್ನೇ ಬೇರೆಯವರಲ್ಲಿ ಕಾಣುವ ಪ್ರೊಜೆಕ್ಷನ್‌ಗೆ ಕಾಮಾಲೆ ಕಣ್ಣು. ಬೇರೆ ಪಾಠಗಳಿಗೂ ಹೀಗೇ. ಸೋಷಿಯಲ್ ಲೋಫಿಂಗ್‌ಗೆ (ಗುಂಪಿನಲ್ಲಿ ಒಬ್ಬೊಬ್ಬರೂ ಮೈಗಳ್ಳರಾಗುವುದು) "ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ." ಕ್ರಿಟಿಕಲ್ ಪಿರಿಯಡ್‌ಗೆ (ಕೆಲವನ್ನು ಕಲಿಯಲೇಬೇಕಾದ ಎಳೆ ವಯಸ್ಸು) "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ", ಇದು ಅಷ್ಟು ಸರಿಯಾಗಿ ಕೂರಲ್ಲ, ಆದರೂ ನಡೆಯುತ್ತೆ. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದರೆ ಮೊದಲು ಗಾದೆ ಬರುತ್ತಿತ್ತು. ಗಾದೆಯ ಹಿಂದೆ ನನ್ನದೇ ದನಿ ಬರುತ್ತಿತ್ತು. ಅದರ ಹಿಂದೆ ಇಂಗ್ಲಿಷ್ ಪದ. ಪಾರಿಭಾಷಿಕ ಪದಗಳನ್ನು ರೆಕಾರ್ಡಿನಲ್ಲಿ ಇಂಗ್ಲಿಷಲ್ಲೇ ಬಿಡಬೇಕು, ಅವನ್ನು ಅನುವಾದ ಮಾಡಲು ಹೋಗಬೇಡಿ. ನಾನು ಮೊದಲ ತಿಂಗಳು "ಮರೆವು", "ದಮನ" ಅಂತೆಲ್ಲ ಮಾಡಿ, ರಿಪ್ರೆಷನ್ (ಅರಿವಿಲ್ಲದೆ ಅದುಮುವುದು) ಯಾವುದು ಸಪ್ರೆಷನ್ (ಬೇಕೆಂದೇ ಅದುಮುವುದು) ಯಾವುದು ಅಂತ ಗೊತ್ತಾಗದೆ ಇಪ್ಪತ್ತು ರೆಕಾರ್ಡ್ ಅಳಿಸಿದೆ.

ಮತ್ತೆ ಕೇಳುವ ಲೆಕ್ಕ: ಮರುದಿನ, ಮೂರನೇ ದಿನ, ಏಳನೇ ದಿನ, ಆಮೇಲೆ ಮೂರು ವಾರಕ್ಕೆ ಒಂದು ಸಲ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ದಿನ ಕಳೆದಂತೆ ಎಷ್ಟು ಮರೆಯುತ್ತೇವೆ ಅಂತ ತೋರಿಸುವ ಮರೆವಿನ ಗೆರೆಯನ್ನು 1885ರಲ್ಲೇ ಎಳೆದಿಟ್ಟ. ಅದನ್ನು ಹತ್ತು ಅಂಕಕ್ಕೆ ಬರೆಯುವ ನಾವು ನಮ್ಮ ಓದಿಗೆ ಮಾತ್ರ ಬಳಸಲ್ಲ! ಮಗನ ದನಿಯಲ್ಲೂ ರೆಕಾರ್ಡ್ ಮಾಡಿಸಿ ನೋಡಿದೆ, ತಲೆಗೆ ಹತ್ತಲಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಪರವಾಗಿಲ್ಲ, ಎರಡು ಪಟ್ಟಿನಲ್ಲಿ ನಿದ್ದೆ ಬರುತ್ತೆ. ಯಾಕೋ ಗೊತ್ತಿಲ್ಲ.

ಸ್ಟ್ಯಾಟಿಸ್ಟಿಕ್ಸ್‌ಗೆ ಮಾತ್ರ ಈ ಆಟ ಯಾವುದೂ ನಡೆಯಲಿಲ್ಲ. ಎರಡು ಸಲ ಹೋಯಿತು. ಎರಡನೇ ಸಲ 17, ಬೇಕಿದ್ದದ್ದು 20. ಇಪ್ಪತ್ತು ವರ್ಷ ಲೆಕ್ಕ ನೋಡಿಕೊಂಡವಳು ನಾನು, ಎಷ್ಟು ನಾಚಿಕೆ ಆಗಿರಬೇಡ! ಕೊನೆಗೆ ಪುಸ್ತಕದ ಉದಾಹರಣೆ ಬಿಟ್ಟು ನಮ್ಮ ತೋಟದ ತೆಂಗಿನಕಾಯಿ ಲೆಕ್ಕ ತೆಗೆದುಕೊಂಡೆ. ಬಾವಿ ಕಡೆಯ 12 ಮರ, ಬೇಲಿ ಕಡೆಯ 12 ಮರ, ಒಂದು ಕೊಯ್ಲಿನಲ್ಲಿ ಎಷ್ಟು ಕಾಯಿ. ಎರಡು ಗುಂಪನ್ನು ಹೋಲಿಸುವ ಮ್ಯಾನ್-ವಿಟ್ನಿ ಪರೀಕ್ಷೆಯನ್ನು ಕೈಯಲ್ಲೇ ಮಾಡಿದೆ. ಬಾವಿ ಕಡೆ ಜಾಸ್ತಿ ಅಂತ ಬಂತು. "ಅದಕ್ಕೆ ಅಷ್ಟು ಹಾಳೆ ಬೇಕಾ, ನಾನೇ ಹೇಳ್ತಿದ್ನಲ್ಲ" ಅಂದರು ನಮ್ಮ ಮನೆಯವರು. ಆದರೆ ರ‍್ಯಾಂಕ್ ಕೊಡುವುದು, ಟೈ (ಒಂದೇ ಸಂಖ್ಯೆ) ಬಂದರೆ ಸರಾಸರಿ ಹಾಕುವುದು ಆಮೇಲೆ ಯಾವತ್ತೂ ಮರೆಯಲಿಲ್ಲ. ಕೈ-ಸ್ಕ್ವೇರ್ (chi-square) ಪರೀಕ್ಷೆಯನ್ನು ಇದೇ ರೀತಿ ಅಂಗಡಿ ಬಾಕಿ ಪುಸ್ತಕದಿಂದ ಕಲಿತೆ. ಮೂರನೇ ಸಲ 31 ಬಂತು. ನನ್ನ ಎಲ್ಲ ಪೇಪರಿನಲ್ಲಿ ನಾನು ಹೆಮ್ಮೆಯಿಂದ ತೋರಿಸುವುದು ಇದೊಂದನ್ನೇ.

ಪ್ರಾಕ್ಟಿಕಮ್ (ಪ್ರಯೋಗ ಮಾಡಿ ತೋರಿಸುವ ಪೇಪರ್) ಹೊತ್ತಿಗೆ ಒಂದು ಹುಚ್ಚು ಹಿಡಿಯಿತು. ಸ್ಟ್ರೂಪ್ ಪ್ರಯೋಗ ಗೊತ್ತಲ್ಲ, 1935ರದ್ದು, "ಕೆಂಪು" ಅನ್ನುವ ಪದವನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳು ಅನ್ನುವುದು. ಅದನ್ನು ಕನ್ನಡದಲ್ಲಿ ಮಾಡಿದೆ. ಕೆಂಪು, ಹಸಿರು, ನೀಲಿ, ಹಳದಿ. ಸ್ಕೆಚ್ ಪೆನ್ನಿನಲ್ಲಿ 40 ಪದ, ಪಕ್ಕದಲ್ಲಿ 40 ಬರೀ ಬಣ್ಣದ ಚೌಕ. ನನಗೆ ಚೌಕಕ್ಕೆ 30 ಸೆಕೆಂಡ್ ಹತ್ತಿರ, ಪದಕ್ಕೆ 50 ದಾಟಿತು. ಮಗ ಇಂಗ್ಲಿಷ್ ಮೀಡಿಯಂ, ಕನ್ನಡ ಓದುವುದು ನಿಧಾನ. ಅವನು ಕನ್ನಡ ಹಾಳೆಯಲ್ಲಿ ಅಷ್ಟು ತಡವರಿಸಲಿಲ್ಲ. ಅದೇ ಇಂಗ್ಲಿಷ್ ಹಾಳೆ ಕೊಟ್ಟರೆ ಮುಗ್ಗರಿಸಿದ. ಆಮೇಲೆ ನಮ್ಮ ಅತ್ತೆಯನ್ನು ಕೂರಿಸಿದೆ. ಅವರಿಗೆ ಅಕ್ಷರ ಬರಲ್ಲ. ಪದಕ್ಕೂ ಚೌಕಕ್ಕೂ ಹೆಚ್ಚುಕಮ್ಮಿ ಒಂದೇ ಸಮಯ! "ಏನಮ್ಮ, ನಿಮ್ಗೆಲ್ಲ ಬಣ್ಣ ಗೊತ್ತಾಗಲ್ವಾ? ಓದಿ ಓದಿ ಕಣ್ಣು ಹೋಗಿದೆ" ಅಂದರು. ಓದಲು ಬರುವವರಿಗೆ ಓದದೇ ಇರುವುದು ಎಷ್ಟು ಕಷ್ಟ ಅನ್ನುವುದನ್ನು ಪುಸ್ತಕ ಎರಡು ಪುಟದಲ್ಲಿ ಹೇಳುತ್ತೆ, ಅತ್ತೆ ಒಂದು ನಿಮಿಷದಲ್ಲಿ ತೋರಿಸಿದರು. ಮೂರು ಜನರ ಮೇಲೆ ಮಾಡಿದ್ದು, ಅದರಿಂದ ಏನೂ ಸಾಬೀತಾಗಲ್ಲ ಅಂತ ಗೊತ್ತು. ಆದರೂ ವೈವಾದಲ್ಲಿ ಇದನ್ನು ಹೇಳಿದಾಗ ಎದುರಿಗಿದ್ದವರು ಪೆನ್ನು ಕೆಳಗಿಟ್ಟು ಕೇಳಿದರು.

ಎರಡನೇ ವರ್ಷದಲ್ಲಿ ಪೇಪರ್ ಸಮಸ್ಯೆಯೇ ಅಲ್ಲ. ಇಂಟರ್ನ್‌ಶಿಪ್ ಸಮಸ್ಯೆ. ಮನೆಯಲ್ಲಿ ಕೂತು ಓದುವ ಕೋರ್ಸು ಅಂದವರು ಇಲ್ಲಿಗೆ ಬರುವ ಹೊತ್ತಿಗೆ ಸುಮ್ಮನಾಗುತ್ತಾರೆ. ಎಂಟು ಕಡೆ ಕೇಳಿದೆ. ಕೆಲವರು ದುಡ್ಡು ಕೇಳಿದರು, ಕೆಲವರು ಬರೀ ಸೀಲು ಹಾಕಿಕೊಡುತ್ತೇವೆ ಅಂದರು. ಕೊನೆಗೆ ಒಂದು ಕುಡಿತ ಬಿಡಿಸುವ ಕೇಂದ್ರದಲ್ಲಿ ಶನಿವಾರ-ಭಾನುವಾರ ಬನ್ನಿ ಅಂದರು. ಐದು ತಿಂಗಳು ಹೋದೆ. ನಾಲ್ಕು ಬ್ಲಾಕ್ ಓದಿ ಹೋಗಿದ್ದವಳು ಮೊದಲ ದಿನ ಒಬ್ಬ ಹೆಂಗಸಿನ ಎದುರು ಕೂತು ಏನೂ ಮಾತಾಡಲಾಗದೆ, "ಊಟ ಆಯ್ತಾ" ಅಂತ ಕೇಳಿದೆ. ಆಕೆ ಅರ್ಧ ಗಂಟೆ ಮಾತಾಡಿದರು. ಅಲ್ಲಿನ ಹಿರಿಯ ಕೌನ್ಸೆಲರ್ ಆಮೇಲೆ ಹೇಳಿದ್ದು, "ಇನ್ನೂ ಸ್ವಲ್ಪ ಹೊತ್ತು ಸುಮ್ನೆ ಇರಬೇಕಿತ್ತು ನೀವು." ನನ್ನ ಪ್ರಾಜೆಕ್ಟ್ ಸಿನಾಪ್ಸಿಸ್ (ಏನು ಮಾಡುತ್ತೇನೆ ಅನ್ನುವ ಸಾರಾಂಶ) ಒಂದು ಸಲ ವಾಪಸ್ ಬಂತು. ಯಾರನ್ನು, ಎಷ್ಟು ಜನರನ್ನು ಕೇಳುತ್ತೀನಿ ಅಂತಲೇ ಸರಿಯಾಗಿ ಬರೆದಿರಲಿಲ್ಲ. ತಪ್ಪು ನನ್ನದೇ. ಮೂರು ತಿಂಗಳು ಹೋಯಿತು.

ಖರ್ಚು ನೆನಪಿನಿಂದ ಹೇಳುತ್ತೇನೆ. ಎರಡು ವರ್ಷದ ಫೀಸು 16 ಸಾವಿರದ ಮೇಲೆ. ಪರೀಕ್ಷೆಗೆ ಪೇಪರಿಗೆ 200ರಂತೆ, ಫೇಲಾದದ್ದೆಲ್ಲ ಸೇರಿ ಮೂರು ಸಾವಿರದ ಮೇಲೆ. ಪ್ರಿಂಟು, ಫೈಲು, ಬೈಂಡಿಂಗ್ ಐದು ಸಾವಿರ. ಪ್ರಾಕ್ಟಿಕಮ್ಮಿನ ಟೆಸ್ಟ್ ಕಿಟ್ಟುಗಳನ್ನು ಮೂವರು ಸೇರಿ ಹಂಚಿಕೊಂಡೆವು, ನನ್ನ ಪಾಲು ಎರಡೂವರೆ ಸಾವಿರ. ಉಳಿದದ್ದು ಓಡಾಟಕ್ಕೆ. ಒಟ್ಟು 34-35 ಸಾವಿರ, ಮೂರೂವರೆ ವರ್ಷ.

ಬಂದದ್ದು ಏನು ಅಂತ ಕೇಳುತ್ತೀರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ, ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಒಪ್ಪಿದ ಕೋರ್ಸೇ ಬೇಕು, ನಿಮ್ಹಾನ್ಸ್‌ನಂಥ ಕಡೆ ಪೂರ್ತಿ ಹೊತ್ತು ಇದ್ದು ಕಲಿಯಬೇಕು. ಇದು ನಿಮಗೂ ಗೊತ್ತು, ಮನೆಯವರಿಗೆ ಮೊದಲೇ ಹೇಳಿಬಿಡಿ. ನಾನು ಈಗಲೂ ಅಕೌಂಟ್ಸ್‌ನಲ್ಲೇ ಇದ್ದೇನೆ. ಶನಿವಾರ ಒಂದು ಶಾಲೆಗೆ ಹೋಗಿ ಮಕ್ಕಳ ಜೊತೆ ಕೂರುತ್ತೇನೆ, ಒಂದು ಸಲ ಹೋದರೆ 700 ರೂಪಾಯಿ ಕೊಡುತ್ತಾರೆ. ನನ್ನ ಕೈ ಮೀರಿದ್ದು ಅನಿಸಿದರೆ ವೈದ್ಯರ ಹತ್ತಿರ ಕಳಿಸುತ್ತೇನೆ. ರಾತ್ರಿ ಹೊತ್ತು ಯಾರಾದರೂ ಪೋಷಕರು ಗಾಬರಿಯಿಂದ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡುತ್ತೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎರಡೆರಡು ಕೆಲಸ ಅಂದಿದ್ದ ಹುಡುಗನಿಗೆ ಇನ್ನೂ ಮೂರು ಪೇಪರ್ ಬಾಕಿ ಇದೆ. ಹೋದ ತಿಂಗಳು ಫೋನ್ ಮಾಡಿ, "ಅಕ್ಕ, ಆ ರೆಕಾರ್ಡಿಂಗ್ ಎಲ್ಲ ಕಳಿಸ್ತೀರಾ?" ಅಂತ ಕೇಳಿದ. ನೂರ ನಲವತ್ತರ ಮೇಲೆ ಇವೆ. ಕಳಿಸಲ್ಲ ಅಂದೆ. ನೀನೇ ಮಾಡಿಕೋ, ಬೇರೆಯವರ ದನಿ ತಲೆಗೆ ಹತ್ತಲ್ಲ ಅಂತ ಕಾರಣ ಕೊಟ್ಟೆ. ಅದು ನಿಜವೇ. ಆದರೆ ಡಿಸ್‌ಪ್ಲೇಸ್‌ಮೆಂಟ್ ಪಾಠದಲ್ಲಿ ಕೊತ್ತಿಯ ಜೊತೆಗೆ ನಮ್ಮ ಅತ್ತೆಯ ಹೆಸರನ್ನೂ ಹೇಳಿಬಿಟ್ಟಿದ್ದೇನೆ. ಅದೂ ಒಂದು ಕಡೆಯಲ್ಲ.